ಮೈಸೂರು ಕಾಲಾಳುಪಡೆಯಿಂದ 18ನೇ ಮದ್ರಾಸಿನವರೆಗೆ

1758ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಟ್ಟಿದ ಸಿಪಾಯಿ ಪಡೆಗಳಲ್ಲಿ ತನ್ನ ಮೂಲವನ್ನು ಗುರುತಿಸುವ ಮದ್ರಾಸ್ ರೆಜಿಮೆಂಟಿನ ಪೂರ್ವಿಕರು 1799ರ ಶ್ರೀರಂಗಪಟ್ಟಣ ಮುತ್ತಿಗೆಯಲ್ಲಿ ಮೈಸೂರಿನ ಟಿಪ್ಪು ಸುಲ್ತಾನನ ಸೈನ್ಯದ ವಿರುದ್ಧ ಹೋರಾಡಿದ್ದರು. ಆ ನಂತರ ಮೈಸೂರು ಸಂಸ್ಥಾನವು ಒಡೆಯರ ಆಳ್ವಿಕೆಯಲ್ಲಿ ತನ್ನದೇ ಕಾಲಾಳುಪಡೆಯನ್ನು, ಅಂದರೆ ಕುದುರೆಯಿಲ್ಲದೆ ನೆಲದ ಮೇಲೆ ಹೋರಾಡುವ ಪದಾತಿ ದಳವನ್ನು, ಹೊಂದಿತ್ತು. ಅದರ ಒಂದನೇ ಬೆಟಾಲಿಯನ್ ಎರಡನೇ ಮಹಾಯುದ್ಧದಲ್ಲಿ ಸಿಂಗಪುರಕ್ಕೆ ತೆರಳಿ, 1942ರ ಫೆಬ್ರವರಿ 15ರಂದು ಆ ನಗರ ಜಪಾನೀಯರ ವಶವಾದಾಗ ಸೆರೆಯಾಯಿತು. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಸೇನೆಗಳು ಭಾರತೀಯ ಸೇನೆಯಲ್ಲಿ ವಿಲೀನವಾದಾಗ ಅದೇ ಪಡೆ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಗಿ, ಮೈಸೂರಿನ ಹೆಸರನ್ನು ಜೊತೆಗಿಟ್ಟುಕೊಂಡು, 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ರಾಜಸ್ಥಾನದ ಬಾಡಮೇರ್ ವಲಯದಿಂದ ಸಿಂಧಿನ ಮರಳುಗಾಡಿಗೆ ಮುನ್ನುಗ್ಗಿತು. ಹಿಂದೊಮ್ಮೆ ಎದುರಾಳಿಗಳಾಗಿದ್ದ ಎರಡು ಪರಂಪರೆಗಳು ಹೀಗೆ ಒಂದೇ ರೆಜಿಮೆಂಟಿನ ಇತಿಹಾಸವಾಗಿ ಬೆಸೆದುಕೊಂಡವು.