ಹಿಸ್ ಬರುತ್ತದೆ, ಭಯ ಬರುವುದಿಲ್ಲ

ದೀಪ ಆರಿಸಿ ಕುಳಿತುಕೊಳ್ಳಿ. ವಿರಾಜಪೇಟೆಯಲ್ಲಿ ಕಕ್ಕಡ ತಿಂಗಳ ಮಳೆ ಹೊಡೆಯುತ್ತಿದೆ. ಹೆಂಚಿನ ಮೇಲಿನ ಸದ್ದಿಗೆ ಪಕ್ಕದ ಕೋಣೆಯ ಮಾತೂ ಕೇಳಿಸದು. ವಾರದಿಂದ ಒಣಗದ ಬಟ್ಟೆಗಳ ಮುಗ್ಗಲು ವಾಸನೆಗೆ ಒಲೆಯ ಹೊಗೆ ಬೆರೆತಿದೆ. ಕಂಬಳಿಯೊಳಗೂ ಕಾಲು ತಣ್ಣಗಿದೆ. ಇನ್ವರ್ಟರ್ ಒಮ್ಮೆ ಕುಯ್ ಎನ್ನುತ್ತದೆ. ಕರೆಂಟ್ ಯಾವಾಗ ಹೋದೀತೋ, ಬೇಗ ಶುರು ಮಾಡಿ.

ಆಟದ ಹೆಸರು ‘ಕಂಟ್ರೋಲ್’. 2019ರಲ್ಲಿ ಬಂದದ್ದು, ಆಟಗಳ ಜಾಲತಾಣ ಐಜಿಎನ್ ಅದನ್ನೇ ಆ ವರ್ಷದ ಆಟವೆಂದು ಆರಿಸಿತ್ತು. ಈಗ ನೀವು ಜೆಸ್ಸಿ ಫೇಡನ್. ತಮ್ಮನನ್ನು ಹುಡುಕಿಕೊಂಡು ನ್ಯೂಯಾರ್ಕಿನ ‘ಓಲ್ಡೆಸ್ಟ್ ಹೌಸ್’ ಎಂಬ ಕಾಂಕ್ರೀಟ್ ಕಟ್ಟಡ ಹೊಕ್ಕಿದ್ದೀರಿ. ಅಲೌಕಿಕ ಸಂಗತಿಗಳನ್ನು ಬಚ್ಚಿಡುವ ಸರ್ಕಾರಿ ಕಚೇರಿ ಅದು. ನಿರ್ದೇಶಕ ಸತ್ತು ಬಿದ್ದಿದ್ದಾನೆ, ಹತ್ತಿರದಲ್ಲೇ ಪಿಸ್ತೂಲು. ಎತ್ತಿಕೊಂಡರೆ ನೀವೇ ಮುಂದಿನ ನಿರ್ದೇಶಕಿ. ಎತ್ತಿಕೊಳ್ಳುತ್ತೀರಿ.

ಬಾಗಿಲು ಸರಿಯುತ್ತದೆ. ತಲೆಯೆತ್ತಿ ನೋಡಿ. ಕಚೇರಿಯ ನೌಕರರು ಗಾಳಿಯಲ್ಲಿ ತೇಲುತ್ತಿದ್ದಾರೆ. ಕೈಕಾಲು ಜೋತುಬಿದ್ದಿವೆ. ಎಲ್ಲರದೂ ಒಂದೇ ಜಪ. ಅವರ ಮೈಹೊಕ್ಕಿರುವುದೇ ಹಿಸ್ ಎಂಬ ಅಲೌಕಿಕ ಶಕ್ತಿ. ಹೆಡ್‌ಫೋನಿನಲ್ಲಿ ಅದು ಕಿವಿಯ ಹಿಂದೆಯೇ ಬಂದು ನಿಲ್ಲುತ್ತದೆ. ಕತ್ತಿನ ಕೂದಲು ನಿಮಿರುತ್ತದೆ. ಜನ ಹೊಗಳಿದ್ದು ಸುಮ್ಮನೆ ಅಲ್ಲ ಎನಿಸುತ್ತದೆ.

ಮುಂದೆ ಒಂದು ಫ್ಲಾಪಿ ಡಿಸ್ಕ್ ಸಿಗುತ್ತದೆ. ಕೈಸೋಕದೆ ವಸ್ತು ಎತ್ತಿ ಎಸೆಯುವ ಶಕ್ತಿ ಅದರಿಂದ. ಕುರ್ಚಿ ಎಸೆಯಿರಿ, ಮೇಜು ಎಸೆಯಿರಿ. ಏನೂ ಸಿಗದಿದ್ದರೆ ಗೋಡೆಯ ಕಾಂಕ್ರೀಟೇ ಕಿತ್ತು ಬರುತ್ತದೆ. ಕಾಗದಗಳು ಹಾರಾಡುತ್ತವೆ, ಧೂಳೇಳುತ್ತದೆ, ಅಂಗೈಯಲ್ಲಿ ಕಂಟ್ರೋಲರ್ ಗುಡುಗುತ್ತದೆ. ಅದ್ಭುತ, ನಿಜ.

ಆಗ ಹಿಸ್ ಮೈಹೊಕ್ಕ ಟೊಮಾಸಿ ಎಂಬವನು ಬರುತ್ತಾನೆ. ಮೇಲೆ ತೇಲುತ್ತ ಅವನೂ ಎಸೆಯುತ್ತಾನೆ. ನಿಮ್ಮ ಪಿಸ್ತೂಲು ಖಾಲಿ. ತಾನಾಗಿ ತುಂಬಿಕೊಳ್ಳುವವರೆಗೆ ಕಾಯಬೇಕು. ಜೀವ ತುಂಬುವ ಚೂರುಗಳು ಸತ್ತ ಶತ್ರುಗಳ ಬಳಿ, ಬಯಲಲ್ಲೇ ಬಿದ್ದಿವೆ. ಕಂಬದ ಮರೆಯಲ್ಲಿ ಉಳಿದರೆ ಜೀವವಿಲ್ಲ, ಹೊರಬಂದರೆ ಏಟು. ಉಸಿರು ಬಿಗಿಹಿಡಿಯುತ್ತೀರಿ. ಓಡುತ್ತೀರಿ. ಎಡಕ್ಕೆ. ಮತ್ತೂ ಎಡಕ್ಕೆ. ಏಟು. ಕತ್ತಲೆ.

ಕಣ್ಣು ಬಿಟ್ಟರೆ ಹಿಂದಿನ ಕಂಟ್ರೋಲ್ ಪಾಯಿಂಟ್. ಗಳಿಸಿದ ‘ಸೋರ್ಸ್’ ಎಂಬ ಆಟದ ಹಣದಲ್ಲಿ ಒಂದು ಪಾಲು ಹೋಗಿದೆ. ಅದೇ ಹಾದಿ, ಅದೇ ಜಪ, ಮತ್ತೆ ಏಟು. ಈಗ ಎದೆ ಹೊಡೆದುಕೊಳ್ಳುವುದಿಲ್ಲ, ಹೆಬ್ಬೆರಳು ನೋಯುತ್ತದೆ, ಅಷ್ಟೆ. ನಕ್ಷೆ ತೆರೆದರೆ ಮಹಡಿಗಳೆಲ್ಲ ಒಂದರ ಮೇಲೊಂದು ಬಿದ್ದು ದಾರಿಯೇ ತಿಳಿಯದು. ಸುಧಾರಣೆಗಳ ಪಟ್ಟಿ ತೆರೆದರೆ ಪಿಸ್ತೂಲಿಗೆ ಇಷ್ಟು ಶೇಕಡಾ, ಜೀವಕ್ಕೆ ಅಷ್ಟು ಶೇಕಡಾ. ಲೆಕ್ಕ ಹಾಕುತ್ತ ಕೂತ ನಿಮಗೆ ತಲೆಯ ಮೇಲೆ ತೇಲುವವರು ಕಾಣಿಸುವುದೇ ಇಲ್ಲ.

ಮೈಮೇಲೆ ಬರುವುದೆಂದರೇನು ಎಂದು ಈ ಊರಿಗೆ ಹೇಳಿಕೊಡಬೇಕಿಲ್ಲ. ಬೇಸಿಗೆಯ ರಾತ್ರಿ ದೈವ ಮೈಮೇಲೆ ಬರುವ ತೆರೆ ನಡೆಯುವಲ್ಲಿ ನೀವು ನಿಂತವರು. ಚೆಂಡೆ ಏರುತ್ತದೆ, ಸೂಟೆಯ ಬಿಸಿ ಮುಖಕ್ಕೆ ರಾಚುತ್ತದೆ, ಎಳೆಗರಿ ಉಟ್ಟ ದೈವ ನೇರ ನಿಮ್ಮೆದುರಿಗೆ ಬಂದು ಮಾತಾಡಿಸುತ್ತದೆ. ತೀರಿಸದೆ ಉಳಿಸಿದ ಹರಕೆ ನೆನಪಾಗಿ ಕಾಲು ನಡುಗುತ್ತದೆ. ಉತ್ತರ ಕೊಡಬೇಕಾದವರು ನೀವೇ. ಹಿಸ್ ನಿಮ್ಮನ್ನು ಏನೂ ಕೇಳುವುದಿಲ್ಲ. ಗುರಿಯಾಗಿ ನಿಲ್ಲುತ್ತದೆ, ಹೊಡೆದರೆ ಚೂರು ಉದುರಿಸುತ್ತದೆ.

ಗೋಡೆ ಕಿತ್ತು ಎಸೆಯುವ ಖುಷಿ ಬೇಕಿದ್ದರೆ ‘ಕಂಟ್ರೋಲ್’ ಕೊಳ್ಳಿ, ದುಡ್ಡಿಗೆ ಮೋಸವಿಲ್ಲ. ಹೆದರಬೇಕೆಂಬ ಆಸೆಯಿದ್ದರೆ ಮೊದಲ ಗಂಟೆ ಆಡಿ ನಿಲ್ಲಿಸಿ. ಅದರಲ್ಲಿರುವ ಭಯವೆಲ್ಲ ಅಷ್ಟರೊಳಗೆ ಖರ್ಚಾಗಿರುತ್ತದೆ.