ರವೆಯಷ್ಟು ಜಲ್ಲಿ

ಪರೇಲ್, ಮುಂಬೈ
ಭಾನುವಾರ ರಾತ್ರಿ

ನಮ್ಮ ಗ್ಯಾಂಗಿನ ಮೇಟಣ್ಣನಿಗೆ,

ಮಳೆ ಹಿಡಿದು ನಾಲ್ಕು ದಿನವಾಯ್ತು, ಒಗೆದ ಪಂಚೆ ಇನ್ನೂ ಹಸಿ. ಮಗಳ ಮನೆ ಹದಿನಾಲ್ಕನೇ ಮಹಡಿ. ಕಿಟಕಿಯಿಂದ ಬಗ್ಗಿದರೆ ಸೆಂಟ್ರಲ್ ಲೈನಿನ ಪರೇಲ್, ಅದರ ಮಗ್ಗುಲಿಗೇ ವೆಸ್ಟರ್ನ್ ಲೈನಿನ ಪ್ರಭಾದೇವಿ ಸ್ಟೇಷನ್. ನಿಮಗೆ ಎಲ್ಫಿನ್‌ಸ್ಟನ್ ರೋಡ್ ಅಂದರೆ ಗೊತ್ತಾದೀತು, 2018ರಲ್ಲಿ ಹೆಸರು ಬದಲಾಗಿದೆ. 1879ರ ಕಾಲದ ರೈಲ್ವೆ ವರ್ಕ್‌ಶಾಪ್ ಇರುವುದೂ ಈ ಪರೇಲಿನಲ್ಲೇ. ಒಂದರ ಬಾಲಕ್ಕೆ ಇನ್ನೊಂದು ಲೋಕಲ್. ಇಲ್ಲಿ ಗ್ಯಾಂಗಿನವರು ಹಳಿ ಮುಟ್ಟುವುದು ಯಾವಾಗ ಅಂತ ಯೋಚನೆ ಹತ್ತಿ ಒಂದು ರಾತ್ರಿ ಎರಡು ಗಂಟೆಗೆ ಎದ್ದು ನೋಡಿದೆ. ಲೈನಿನ ಮೇಲೆ ಬೆಳಕುಗಳು ಓಡಾಡುತ್ತಿದ್ದವು. ಆಮೇಲೆ ನಿದ್ದೆ ಬಂತು.

ಈಗ ನಿಜವಾದ ಸಮಾಚಾರ. ನಾನು ಮತ್ತೆ ಡ್ಯೂಟಿಗೆ ಹೋಗ್ತಾ ಇದ್ದೇನೆ. ಸಂಬಳವಿಲ್ಲ, ಚಹಾ ಉಂಟು.

ಮೇಲಿನ ಮಹಡಿಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮರಾಠಿ ಯಜಮಾನರಿದ್ದಾರೆ. ಪುಣೆಯ ಕೋಥ್ರೂಡ್‌ನಲ್ಲಿ 1998ರಿಂದ ಜೋಶಿಯವರ ಪುಟಾಣಿ ರೈಲು ಮ್ಯೂಸಿಯಂ ಇದೆ. ಅದನ್ನು ನೋಡಿ ಬಂದಾಗಿನಿಂದ ಇವರಿಗೆ ಹುಚ್ಚು. ಒಂದು ರೂಮಿನ ತುಂಬ ಪ್ಲೈವುಡ್ ಮೇಜು, ಅದರ ಮೇಲೆ ಹಳಿ. ಭಾನುವಾರ ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಕಾಲೇಜು ಹುಡುಗ ಬಂದು ಸೇರುತ್ತಾರೆ. ಡಾಕ್ಟರು ತಮ್ಮ ಚಿಮಟದಲ್ಲೇ ಒಂದೊಂದು ಸ್ಲೀಪರ್ ಎತ್ತಿ ಕೂರಿಸುತ್ತಾರೆ. ಬಂದ ನೆಂಟರೆಲ್ಲ ಎಂಜಿನ್ ನೋಡಿ ವಾಹ್ ಅಂತಾರೆ. ಹಳಿಯನ್ನು ಯಾರು ನೋಡ್ತಾರೆ? ನಮ್ಮ ಕಾಲದಲ್ಲಿ ಮಾತ್ರ ಯಾರು ನೋಡಿದ್ದರು, ಬಿಡಿ.

ಮೊದಲ ದಿನ ಸುಮ್ಮನಿರಬೇಕಿತ್ತು, ಇರಲಾಗಲಿಲ್ಲ. ಎಲ್ಲವೂ ಅಸಲಿನ 87ರಲ್ಲಿ ಒಂದು ಪಾಲಂತೆ, ಹಳಿಗಳ ನಡುವೆ 16.5 ಮಿಲಿಮೀಟರ್. ಮನಸ್ಸಿನಲ್ಲೇ ಗುಣಿಸಿದೆ, 1,435 ಬಂತು. ಅದು ಯುರೋಪಿನವರ ಗೇಜು. ನಮ್ಮ ಬ್ರಾಡ್‌ಗೇಜ್ 1,676. ಆ ಲೆಕ್ಕಕ್ಕೆ 19ರ ಮೇಲಿರಬೇಕು. "ಗೇಜ್ ಟೈಟ್ ಇದೆ" ಅಂದೆ. ಅಂಗಡಿಯಲ್ಲಿ ಸಿಗುವ ಹಳಿಯೇ ಅಷ್ಟು ಅಂತ ಮೂವರೂ ನಕ್ಕರು.

ಅವರಿಗೆ ಒಂದು ಜಾಗ ತಲೆನೋವಾಗಿತ್ತು. ತಿರುವು ಮುಗಿಯುವ ಕಡೆ ಮೂರನೇ ಡಬ್ಬಿ ಸದಾ ಹಳಿ ತಪ್ಪುತ್ತಿತ್ತು. ಚಕ್ರ ಬದಲಾಯಿಸಿದ್ದರು, ಡಬ್ಬಿಗೆ ತೂಕ ಹಾಕಿದ್ದರು. ನಾನು ಕನ್ನಡಕ ತೆಗೆದಿಟ್ಟು, ಕೆನ್ನೆಯನ್ನು ಮೇಜಿಗೆ ಒತ್ತಿ, ಒಂದು ಕಣ್ಣು ಮುಚ್ಚಿ ಹಳಿಯ ಉದ್ದಕ್ಕೂ ನೋಡಿದೆ. ನೀವು ಬೀರೂರು–ತರೀಕೆರೆ ಸೆಕ್ಷನ್ನಿನಲ್ಲಿ ಮೊಣಕಾಲೂರಿ ನೋಡುತ್ತಿದ್ದಿರಲ್ಲ, ಹಾಗೇ. ಜಾಯಿಂಟ್ ತಗ್ಗು! ಮಳೆಯ ತೇವಕ್ಕೆ ಪ್ಲೈವುಡ್ ಉಬ್ಬಿ ಒಂದು ಬದಿ ಎದ್ದಿದೆ, ಇನ್ನೊಂದು ಅಲ್ಲೇ ಉಳಿದಿದೆ. ಜೇಬಿನಲ್ಲಿದ್ದ ಬೆಸ್ಟ್ ಬಸ್ಸಿನ ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ಸ್ಲೀಪರ್ ಕೆಳಗೆ ತೂರಿಸಿದೆ. ಗಾಡಿ ಹೋಯ್ತು. ಜಲ್ಲಿ ಬಡಿಯುವ ಬೀಟರ್ ಹಿಡಿದು ಬೆನ್ನು ಮುರಿಯದೆ ನಾನು ಸ್ಲೀಪರ್ ಪ್ಯಾಕಿಂಗ್ ಮಾಡಿದ್ದು ಇದೇ ಮೊದಲು. ಹುಡುಗ ನನ್ನನ್ನು "ಪಿಡಬ್ಲ್ಯುಐ ಸಾಬ್" ಅನ್ನತೊಡಗಿದ್ದಾನೆ. ನಾನು ಇನ್‌ಸ್ಪೆಕ್ಟರಲ್ಲ, ಬರೀ ಕೀಮನ್ ಅಂತ ತಿದ್ದಲು ಹೋಗಿಲ್ಲ. ನೀವೂ ಅಲ್ಲಿ ಯಾರಿಗೂ ಹೇಳಬೇಡಿ.

ಸಂಬಳವಿಲ್ಲದೆ ಹಳಿ ಕೆಲಸ ಮಾಡುವವರು ಬೇರೆ ಕಡೆಯೂ ಇದ್ದಾರಂತೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಟಾಲಿಲಿನ್ ಅಂತ ಎರಡು ಕಾಲು ಅಡಿ ಗೇಜಿನ ಹಳೇ ಲೈನು. ಮಾಲೀಕರು 1950ರಲ್ಲಿ ತೀರಿಕೊಂಡರು. ಮರುವರ್ಷ ರೈಲಿನ ಮೇಲಿನ ಪ್ರೀತಿಗೆ ಜನರೇ ಸೇರಿ ಓಡಿಸಿದರು. ಹಳಿಯನ್ನು ಗೇಜಿನಲ್ಲಿ ಹಿಡಿದಿದ್ದದ್ದು ಹುಲ್ಲಿನ ಬೇರು ಮಾತ್ರವಂತೆ. ಹೊಸದಾಗಿ ತಂದ ಎಂಜಿನ್ ಒಂದು ಹಳಿಗಳ ಮಧ್ಯಕ್ಕೇ ಇಳಿದುಬಿಡುತ್ತಿತ್ತಂತೆ. ನಮ್ಮಲ್ಲಿ ಹಾಗಾಗಿದ್ದರೆ ನಿಮಗೂ ನನಗೂ ಚಾರ್ಜ್‌ಶೀಟ್. ಮೊಮ್ಮಗ ಟೀವಿಯಲ್ಲಿ ನೋಡುವ ಥಾಮಸ್ ಎಂಜಿನ್ ಇದೆಯಲ್ಲ, ಆ ಕತೆ ಬರೆದ ಆಡ್ರಿ ಪಾದ್ರಿಯೂ ಅಲ್ಲಿಗೆ ಬಿಟ್ಟಿ ಕೆಲಸಕ್ಕೆ ಹೋಗಿದ್ದರಂತೆ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ಇವರು ಜಲ್ಲಿ ಅಂತ ಮೀನಿನ ತೊಟ್ಟಿಯ ಮರಳು ಸುರಿದಿದ್ದಾರೆ. ಗುಂಡು ಗುಂಡು! ಗುಂಡು ಕಲ್ಲು ಸ್ಲೀಪರ್ ಹಿಡಿಯುವುದಿಲ್ಲ ಅಂತ ನೀವು ಒಂದು ಲಾರಿ ಮಾಲನ್ನೇ ವಾಪಸ್ ಕಳಿಸಿದ್ದು ನೆನಪಿದೆ. ಇಲ್ಲಿ ಫೆವಿಕಾಲಿಗೆ ನೀರು ಬೆರೆಸಿ ಅಂಟಿಸುತ್ತಾರೆ, ಜಾರುವ ಮಾತೇ ಇಲ್ಲ. ಆದರೂ ನನಗೆ ಕಣ್ಣಿಗೆ ಕಸ ಬಿದ್ದ ಹಾಗಾಗುತ್ತೆ. ನಮ್ಮ ಜಲ್ಲಿ 65ರಿಂದ 20 ಮಿಲಿಮೀಟರ್. 87ರಿಂದ ಭಾಗಿಸಿದರೆ ಮುಕ್ಕಾಲರಿಂದ ಕಾಲು ಮಿಲಿಮೀಟರ್. ಅಂದರೆ ಉಪ್ಪಿಟ್ಟಿನ ರವೆಯಿಂದ ಚಿರೋಟಿ ರವೆಯವರೆಗೆ. ತರೀಕೆರೆ ಕಡೆ ಕ್ರಷರ್‌ನಲ್ಲಿ ಕರಿಕಲ್ಲಿನ ಪುಡಿ ಬಿದ್ದಿರುತ್ತೆ. ಎರಡು ಕೆಜಿ ತಂದು ಮೊದಲು ರವೆ ಜರಡಿ ಹಿಡಿಯಿರಿ, ಮೇಲುಳಿದದ್ದು ಬೇಡ. ಕೆಳಗೆ ಬಿದ್ದದ್ದನ್ನು ಮೈದಾ ಜರಡಿಯಲ್ಲಿ ಆಡಿಸಿ, ದೂಳು ಹೋಗಲಿ. ಅತ್ತಿಗೆಯವರ ಜರಡಿ ಮುಟ್ಟಬೇಡಿ, ಸಂತೆಯಲ್ಲಿ ಬೇರೆ ಕೊಳ್ಳಿ, ದುಡ್ಡು ನಾನು ಕೊಡ್ತೇನೆ. ಮುಂದಿನ ವಾರ ಅಳಿಯ ಊರಿಗೆ ಬರ್ತಾನೆ, ಅವನ ಕೈಯಲ್ಲಿ ಕಳಿಸಿ.

ನಿಮ್ಮ
ಹಳೇ ಕೀಮನ್