ಡಾಂಬರಿನ ಚುಕ್ಕೆ
ಅಪ್ಪನ ಕಾರಲ್ಲಿ ಮೊದಲ ಸಲ ಒಬ್ಬನೇ ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗಿ, ಕಾವೇರಿ-ಕಪಿಲಾ ಸಂಗಮ ನೋಡ್ಕೊಂಡು ಬಂದೆ. ದಾರೀಲಿ ಹೊಸ ಡಾಂಬರು. ಬೆಳಿಗ್ಗೆ ನೋಡಿದ್ರೆ ಬಿಳಿ ಬಾಗಿಲ ತುಂಬ ಕಪ್ಪು ಚುಕ್ಕೆ! ಅಪ್ಪ ಏಳೋದ್ರೊಳಗೆ ತೆಗೀಬೇಕು ಅಂತ ಪಾತ್ರೆ ತಿಕ್ಕೋ ಸ್ಕ್ರಬ್ಬರ್ ಹಿಡಿದೆ. ಚುಕ್ಕೆ ಹೋಗಲಿಲ್ಲ, ಪೇಂಟ್ ಮೇಲೆ ಗೀರು ಬಿತ್ತು.

ಹಿಂದೆ ನಿಂತಿದ್ದ ಅಪ್ಪ ಬೈಯಲಿಲ್ಲ. ಕೊಬ್ಬರಿ ಎಣ್ಣೆ ತಂದರು. "ಡಾಂಬರು ನೀರಿಗೆ ಕರಗಲ್ಲ ಕಣೋ, ಎಣ್ಣೆಗೆ ಕರಗುತ್ತೆ."

ನೆರಳಲ್ಲಿ ನಿಲ್ಲಿಸಿ, 10 ನಿಮಿಷ ಎಣ್ಣೆ ಬಟ್ಟೆ ಒತ್ತಿಟ್ಟು, ಮೆಲ್ಲಗೆ ಒರೆಸಿದೆವು. ಆಮೇಲೆ ಶಾಂಪೂ ನೀರು, ಕೊನೆಗೆ ವ್ಯಾಕ್ಸ್. ಚಕ್ರಕ್ಕೆ ಬೇರೆಯದೇ ಬಟ್ಟೆ. ಬ್ರೇಕಿನ ಕಬ್ಬಿಣದ ಪುಡಿ ಪೇಂಟಿಗೆ ತಾಗಿದ್ರೆ ಮತ್ತೆ ಗೀರು.

ಆ ಗೀರು ಇನ್ನೂ ಇದೆ. ಕೀಯನ್ನು ಮಾತ್ರ ಅಪ್ಪ ವಾಪಸ್ ಕೇಳಲಿಲ್ಲ.